ಆ ಡಬ್ಬಿ ಬಿಚ್ಚಬೇಡ ಕಣೋ

ಆ ಸ್ಪ್ರಿಂಗ್ ಡಬ್ಬಿ ಮಾತ್ರ ಬಿಚ್ಚಬೇಡ ಕಣೋ ತಮ್ಮ. ಸ್ಪ್ಯಾನರ್ ಅಲ್ಲೇ ಇಟ್ಟು ಬೇಲಿ ಹತ್ರ ಬಾ. ಹೊಂಗೆ ನೆರಳೈತೆ, ನಿಮ್ಮತ್ತಿಗೆ ಕಾಫಿಗೂ ಇಟ್ಟವ್ಳೆ.

ಏನಾಯ್ತು ಅಂತ ನೀನು ಹೇಳೋದೇ ಬೇಡ. ಸರ್ವಿಸ್ ಗಾಡಿ ಹಿಂದಿನ ಗ್ರೀಸ್ ರೀಲು. ಎಳೆದ್ರೆ ಪೈಪು ಬತ್ತೈತೆ, ಬಿಟ್ರೆ ಒಳಕ್ಕೆ ಹೋಗಲ್ಲ. ನೀನು ಆಗಲೇ ‘ಸ್ಪ್ರಿಂಗ್ ಹೋಯ್ತು’ ಅಂತ ತೀರ್ಪು ಕೊಟ್ಬಿಟ್ಟೆ. ನಮ್ಮೂರು ಕೋರದಲ್ಲಿ ಏನೇ ಕೆಟ್ರೂ ತಪ್ಪೆಲ್ಲ ಸ್ಪ್ರಿಂಗಿನ ಮೇಲೆ, ಇಲ್ಲಾಂದ್ರೆ ಬೇರಿಂಗಿನ ಮೇಲೆ.

ಮೊದಲು ಪಂಪಿನ ಗಾಳಿ ನಿಲ್ಲಿಸಿ, ಗನ್ ಒತ್ತಿ ಒತ್ತಡ ಇಳಿಸಿದ್ಯಾ? ಇಲ್ವಾ! ಲಾರಿ ಟೈರಿಗೆ ಹಿಡಿಯೋ ಗಾಳಿ ಸುಮಾರು 7 ಬಾರ್. ನಿನ್ನ ಪಂಪು ಆ ಗಾಳೀನ ಒಂದಕ್ಕೆ ಐವತ್ತು ಮಾಡೋದು. ಗುಣಿಸು, 350 ಬಾರ್ ಆಯ್ತು. ಪೈಪಲ್ಲಿ ಸೂಜಿಮೊನೆಯಷ್ಟು ತೂತಿದ್ರೂ ಗ್ರೀಸು ಚರ್ಮ ಸೀಳ್ಕೊಂಡು ಒಳಗೆ ಹೋಗುತ್ತೆ. ಹೊರಗೆ ನೋಡಿದ್ರೆ ಮುಳ್ಳು ಚುಚ್ಚಿದಂಗೆ ಒಂದು ಚುಕ್ಕೆ, ಒಳಗೆ ಬೆರಳೇ ಸಾಯುತ್ತೆ. ನೋವಿಲ್ಲ ಅಂತ ಮನೇಲಿ ಅರಿಶಿನ ಹಚ್ಕೊಂಡು ಕೂರೋ ಗಾಯ ಅಲ್ಲ ಅದು, ತಕ್ಷಣ ಆಸ್ಪತ್ರೆಗೆ ಹೋಗಿ ಕುಯ್ಸಿ ತೆಗೆಸಬೇಕು.

ಒತ್ತಡ ಇಳಿಸಿದ ಮೇಲೆ ಪೈಪು ಬಿಚ್ಚಿ ಪಕ್ಕಕ್ಕಿಟ್ಟು, ಬರೀ ಚಕ್ರಾನ ಕೈಯಲ್ಲಿ ತಿರುಗಿಸು, ಹಿಡಿ ಸಡಿಲ ಬಿಡದಂಗೆ. ಎರಡೂ ಕಡೆಗೆ ಗಾಳಿಗಿರಣಿ ಥರ ಸಲೀಸಾಗಿ ತಿರುಗ್ತಾ? ಹಂಗಾದ್ರೆ ಸ್ಪ್ರಿಂಗ್ ತುಂಡಾಗೈತೆ, ಇಲ್ಲಾ ಕೊಕ್ಕೆ ಕಿತ್ತೈತೆ. ಕೈಗೆ ಎದುರು ಕೊಟ್ಟು ಹಿಂದಕ್ಕೆ ಎಳೀತಾ? ಸ್ಪ್ರಿಂಗ್ ಬದುಕೈತೆ ಅಂತ ತಿಳ್ಕೋ. ಆಗ ಧೂಳು ತುಂಬಿ ಬಿಗಿದ ಸ್ವಿವೆಲ್ ನೋಡು, ಊದ್ಕೊಂಡ ಪೈಪು ನೋಡು, ‘ಟಿಕ್ ಟಿಕ್’ ಅನ್ನೋ ರಾಚೆಟ್ ಹಲ್ಲು ನೋಡು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಮಣ್ಣು ಕೆಲಸಕ್ಕೆ ನಿಂತ ಗಾಡಿ, ಧೂಳು ತಿನ್ನದೆ ಇನ್ನೇನು ತಿಂದೀತು?

ಓ, ಸಲೀಸಾಗೇ ತಿರುಗ್ತಾ? ಸರಿ ಬಿಡು, ತುಂಡಾಗೇ ಐತೆ.

ಅದು ತಾನಾಗಿ ಮುರೀಲಿಲ್ಲ ಕಣಪ್ಪ, ನಿನ್ನ ಹೆಲ್ಪರ್ ಮುರಿದಿದ್ದು. ಹೋದ ತಿಂಗಳು ‘ಪೈಪು ಬೇಗ ಒಳಗೆ ಹೋಗಲ್ಲ’ ಅಂತ ಇನ್ನೆರಡು ಸುತ್ತು ಬಿಗಿ ಕೊಟ್ನಲ್ಲ? ಆವತ್ತು ಪೈಪು ಕಣ್ಣಿ ಬಿಚ್ಚಿದ ಕರು ಹಂಗೆ ಓಡಿತ್ತು, ನೀವಿಬ್ರೂ ಚಪ್ಪಾಳೆ ಹೊಡೆದ್ರಿ. ನಮ್ಮ ಷಡ್ಡಕ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೇಲಿದ್ರು. ಕೀ ಕೊಡೋ ವಾಚಿನೊಳಗೂ ಇದೇ ಜಾತಿ ಸ್ಪ್ರಿಂಗು, ಸುರುಳಿ ಸುತ್ತಿದ ಉಕ್ಕಿನ ಪಟ್ಟಿ. ವಾಚಲ್ಲಿ ಸ್ಪ್ರಿಂಗ್ ಪೂರ್ತಿ ಸುತ್ತಿದ ಮೇಲೆ ಕೀ ಬಿಗಿಯಾಗುತ್ತೆ, ಬೆರಳಿಗೆ ಗೊತ್ತಾಗಿ ನಿಲ್ಲಿಸ್ತೀವಿ. ಇಲ್ಲಿ ಎಳೆಯೋನು ಇಟಾಚಿ ಬಕೆಟ್ಟಿನ ಪಿನ್ನಿಗೆ ಗನ್ ಮುಟ್ಟಿಸಬೇಕು ಅಂತ ಜಗ್ತಾನೇ ಇರ್ತಾನೆ. ಪೈಪು ಇನ್ನೂ ಎರಡು ಮೊಳ ಉಳಿದಿರೋವಾಗ್ಲೇ ಒಳಗೆ ಸ್ಪ್ರಿಂಗ್ ಗಟ್ಟಿ ಮುದ್ದೆ ಆಗಿರುತ್ತೆ. ಆಮೇಲಿನ ಜಗ್ಗಾಟ ಪೂರಾ ಕೊಕ್ಕೆ ಮೇಲೆ.

ವೆಲ್ಡಿಂಗ್ ಶಾಪಿಗಾ? ಗ್ಯಾಸಲ್ಲಿ ಕಾಯಿಸಿ ಹೊಸ ಕೊಕ್ಕೆ ಬಗ್ಗಿಸಿ ಕೊಡ್ತಾನೆ, ಇಲ್ಲ ಅನ್ನಲ್ಲ. ಆದರೆ ಕಾಯಿಸಿದ ಕಡೆ ಉಕ್ಕು ಮೆತ್ತಗಾಗಿರುತ್ತೆ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಹೋಗ್ಲಿ, ಆ ಕೆಲಸಕ್ಕೆ ಡಬ್ಬಿ ಬಿಚ್ಚಬೇಕಲ್ಲ! ಮುರಿದೈತೆ ಅಂದ ಮಾತ್ರಕ್ಕೆ ಬಲ ಸತ್ತಿಲ್ಲ. ತುಂಡಾದ ಪಟ್ಟಿ ಡಬ್ಬಿ ಗೋಡೆಗೆ ಒತ್ಕೊಂಡು ಹೊಂಚು ಹಾಕ್ತಾ ಕೂತಿರುತ್ತೆ. ಮುಚ್ಚಳ ತೆಗೆದ್ರೆ ಅಂಚೆಲ್ಲ ಕತ್ತಿ, ಮುಖಕ್ಕೇ ಹಾರುತ್ತೆ. ಅದಕ್ಕೇ ಎಷ್ಟೋ ರೀಲುಗಳಿಗೆ ಸ್ಪ್ರಿಂಗನ್ನ ಡಬ್ಬಿ ಸಮೇತ ಮಾರ್ತಾರೆ. ಹಳೇದನ್ನ ಮುಚ್ಚಿದಂಗೇ ಕಳಚು, ಹೊಸದನ್ನ ಮುಚ್ಚಿದಂಗೇ ಕೂರಿಸು. ಚೌಕಟ್ಟು ಸೊಟ್ಟಗಾಗಿ, ಸ್ವಿವೆಲ್ಲೂ ಸೋರ್ತಾ ಇದ್ರೆ ಆ ರೀಲಿಗೆ ಸ್ಪ್ರಿಂಗಿನ ದುಡ್ಡು ಸುರೀಬೇಡ, ಇಡೀ ರೀಲೇ ಬದಲಾಯಿಸು.

ಹಾಕಿದ ಮೇಲೆ ಪುಸ್ತಕದಲ್ಲಿ ಬರೆದಷ್ಟೇ ಸುತ್ತು ಬಿಗಿ ಕೊಡು. ಪೈಪು ಪೂರ್ತಿ ಎಳೆದಾಗ್ಲೂ ಚಕ್ರ ಇನ್ನೊಂಚೂರು ತಿರುಗೋ ಹಂಗಿರಬೇಕು, ಅದು ಪರೀಕ್ಷೆ. ವಾಪಸ್ ಬಿಡೋವಾಗ ಗನ್ ಕೈಯಲ್ಲಿ ಹಿಡ್ಕೊಂಡೇ ನಡ್ಕೊಂಡು ಬರೋಕೆ ಹೆಲ್ಪರ್‌ಗೆ ಹೇಳು. ಅವನು ಕೇಳಲ್ಲ, ಆದ್ರೂ ಹೇಳು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಲ್ಲಿ 2023ರಿಂದ ಹೆಲಿಕಾಪ್ಟರ್ ಕಾರ್ಖಾನೆಯೇ ಐತೆ, ನಿನ್ನ ಅಂಗಡಿಯವನು ಮಾತ್ರ ಒಂದು ಸ್ಪ್ರಿಂಗಿಗೆ ‘ಆರ್ಡರ್ ಹಾಕಬೇಕು ಅಣ್ಣ’ ಅಂತಾನೆ. ಹಾಕ್ಲಿ. ನೀನು ಮಾತ್ರ ‘ಒಂದು ಗ್ರೀಸ್ ರೀಲ್ ಸ್ಪ್ರಿಂಗ್ ಕೊಡಿ’ ಅಂತ ಕೇಳಬೇಡ. ರೀಲಿನ ತಗಡಿನ ಮೇಲಿರೋ ಮಾಡೆಲ್ ನಂಬರು, ಪೈಪಿನ ಉದ್ದ, ದಪ್ಪ ಎಲ್ಲ ಬರ್ಕೊಂಡು ಹೋಗು. ಬಿಚ್ಚೋ ಮುಂಚೆ ಮೊಬೈಲಲ್ಲಿ ಎರಡೂ ಪಕ್ಕದಿಂದ ಫೋಟೋ ಹೊಡಿ, ಚಕ್ರ ಯಾವ ಕಡೆಗೆ ಸುತ್ತುತ್ತೆ ಅಂತ ಸೀಮೆಸುಣ್ಣದಲ್ಲಿ ಬಾಣ ಹಾಕು. ಬಲಕ್ಕೆ ಸುತ್ತೋದಕ್ಕೆ ಎಡಸುತ್ತಿನ ಸ್ಪ್ರಿಂಗ್ ತಂದ್ರೆ ಮತ್ತೆ ತುಮಕೂರಿಗೆ ಬಸ್ ಹತ್ತಬೇಕಾಗುತ್ತೆ. ತಗೋ, ಕಾಫಿ ಬಂತು.