ಪಲಾಶಿಕೆಯ ತಗಡು ಬರೆದವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸನ ಬರಹಗಾರರೇ,

ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ಅಂದರೆ ನಿಮ್ಮ ಪಲಾಶಿಕೆಯಲ್ಲಿ, ಸಿಕ್ಕ ತಾಮ್ರಪಟಗಳ ಪೈಕಿ ಕದಂಬ ಕಾಕುಸ್ಥವರ್ಮನದನ್ನು ಬರೆದ ಪುಣ್ಯಾತ್ಮರು ನೀವು. ಸ್ವತಂತ್ರ ತಂತ್ರಾಂಶ ಬಳಸುವ ಬಗೆಯನ್ನು ಕನ್ನಡದಲ್ಲಿ ಬರೆದಿಡುವ ವಿಕಿಯೊಂದರ ಬಿಟ್ಟಿ ಸೇವಕರ ಪರವಾಗಿ ನಿಮಗೆ ದೀರ್ಘದಂಡ ನಮಸ್ಕಾರ. ನಮ್ಮ ಬರವಣಿಗೆಯ ಮೂಲಪುರುಷರು ನೀವೇ ಎಂದು ಒಮ್ಮತದಿಂದ ತೀರ್ಮಾನಿಸಿದ್ದೇವೆ. (ಒಮ್ಮತವೆಂದರೆ, ಆಕ್ಷೇಪಿಸುವವರು ಆ ವಾರ ಲಾಗಿನ್ ಆಗಿರಲಿಲ್ಲ.)

ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮ ಖೇಟಗ್ರಾಮದಲ್ಲಿ ಹೊಲ ಕೊಟ್ಟ. ಯಾರು, ಯಾರಿಗೆ, ಯಾಕೆ, ಎಲ್ಲಿ, ಎಲ್ಲ ಬರೆದಿರಿ. ಕಾಲದ ಮಾತು ಬಂದಾಗ ಮಾತ್ರ ‘ತನ್ನ ವಿಜಯದ ಎಂಬತ್ತನೆಯ ವರ್ಷ’ ಎಂದು ಕೊರೆದು ಉಳಿ ಕೆಳಗಿಟ್ಟಿರಿ. ಅದೇ ತಗಡಿನಲ್ಲಿ ಅವನಿನ್ನೂ ಯುವರಾಜ! ಯುವರಾಜನ ವಿಜಯಕ್ಕೆ ಎಂಬತ್ತು ತುಂಬುವುದು ಹೇಗೆ ಸ್ವಾಮಿ? 1877ರಲ್ಲಿ ಶಾಸನತಜ್ಞ ಫ್ಲೀಟ್ ಸಾಹೇಬರು ನಿಮ್ಮ ತಗಡನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದರು. ಆ ಎಂಬತ್ತು ಗುಪ್ತ ಶಕೆಯದು ಎಂದು ಕೆಲವರು, ಕದಂಬರು ರಾಜ್ಯ ಕಟ್ಟಿದಲ್ಲಿಂದ ಎಣಿಸಬೇಕೆಂದು ಇನ್ನು ಕೆಲವರು, ಪಂಡಿತರ ಜಗಳ ಇನ್ನೂ ಹರಿದಿಲ್ಲ. ನಿಮಗೇನೋ, ಊರಿಗೆಲ್ಲ ಗೊತ್ತಿದ್ದದ್ದನ್ನು ಬರೆಯುವುದು ತಾಮ್ರ ದಂಡ ಅನಿಸಿರಬೇಕು.

ನಮಗೂ ಹಾಗೇ ಅನಿಸುತ್ತದೆ. ತಾಮ್ರದ ಖರ್ಚಿಲ್ಲದಿದ್ದರೂ ಅನಿಸುತ್ತದೆ. ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಮಾಡುವವರು ಆವೃತ್ತಿಯ ಹೆಸರಿನಲ್ಲೇ ಇಸವಿ, ತಿಂಗಳು ಇಟ್ಟು ಕೊಡುತ್ತಾರೆ: 22.04 ಎಂದರೆ 2022ರ ಏಪ್ರಿಲ್. ನಮ್ಮ ಪುಟ ಮಾತ್ರ ‘ಇತ್ತೀಚಿನ ಉಬುಂಟುವಿನಲ್ಲಿ’ ಎಂದೇ ಶುರುವಾಗುತ್ತದೆ. ಇತ್ತೀಚೆ ಎಂದರೆ ಯಾವಾಗ? ಕನ್ನಡ ಕೀಲಿಮಣೆ ಕೂರಿಸುವ ಪುಟದ ಮೂರನೆಯ ಹೆಜ್ಜೆಯಲ್ಲಿ ‘ಮೊದಲಿನಂತೆ ಸೆಟ್ಟಿಂಗ್ಸ್ ತೆರೆಯಿರಿ’ ಎಂದಿದೆ. ಮೊದಲು ಎಲ್ಲೂ ತೆರೆದಿಲ್ಲ. ಲಿಬ್ರೆ ಆಫೀಸ್ 2010ರಲ್ಲೇ ಓಪನ್ ಆಫೀಸ್‌ನಿಂದ ಕವಲೊಡೆದು ಬೇರೆ ಮನೆ ಮಾಡಿತು. ನಮ್ಮ ಪುಟಗಳಲ್ಲಿ ಅಣ್ಣತಮ್ಮಂದಿರು ಇನ್ನೂ ಒಟ್ಟು ಕುಟುಂಬದಲ್ಲಿದ್ದಾರೆ.

ಗೊತ್ತಿದ್ದವರನ್ನು ಎಡತಾಕಿದ್ದೂ ಆಯಿತು. ಬೆಳಗಾವಿಯ ಕಡೆಯ ಬಲ್ಲವರೊಬ್ಬರು ಫೋನಿನಲ್ಲಿ ಒಂದೊಂದೇ ಕಮಾಂಡ್ ಹೇಳಿ ಅರ್ಧ ತಾಸಿನಲ್ಲಿ ಯಾರ ಯಂತ್ರವನ್ನಾದರೂ ಎಬ್ಬಿಸಿ ಕೂರಿಸುತ್ತಾರೆ. ಅದನ್ನೇ ವಿಕಿಗೆ ಹಾಕಿರಿ ಎಂದರೆ, “ಬರಕೊಂತ ಕೂಡ್ರಾಕ ಟೈಮ್ ಎಲ್ಲೈತ್ರಿ, ಬೇಕಾದವರು ಫೋನ್ ಮಾಡ್ತಾರಲ್ಲ” ಎನ್ನುತ್ತಾರೆ. ನವೆಂಬರ್ ಒಂದರಂದು ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಮೆರವಣಿಗೆ ನೋಡಬೇಕು ನೀವು. ಕನ್ನಡಕ್ಕೆ ಟೈಮ್ ಇಲ್ಲದವರು ಒಬ್ಬರೂ ಕಾಣಸಿಗುವುದಿಲ್ಲ. ಇನ್ನು ನಿಮ್ಮ ತಾಮ್ರಪಟ ಸಂಸ್ಕೃತದಲ್ಲೇಕೆ ಎಂದು ನಾವು ಕೇಳುವುದಿಲ್ಲ. ಜನರ ನುಡಿ ಒಂದು, ಕೈಪಿಡಿಯ ನುಡಿ ಇನ್ನೊಂದು ಎಂಬ ಪದ್ಧತಿಯನ್ನು ಇಂಗ್ಲಿಷಿನ ನೆರವಿನಿಂದ ಭಕ್ತಿಯಿಂದ ಪಾಲಿಸುತ್ತಿದ್ದೇವೆ.

ಒಂದು ವಿಷಯದಲ್ಲಿ ಮಾತ್ರ ನೀವು ನಮಗಿಂತ ಗಟ್ಟಿ. ನಮ್ಮ ಪರವಾನಗಿಯ ಪ್ರಕಾರ ಯಾರು ಬೇಕಾದರೂ ನಕಲು ಮಾಡಬಹುದು, ಬರೆದವರನ್ನು ಹೆಸರಿಸಿದರಾಯಿತು. ನಕಲು ಧಾರಾಳವಾಗಿ ಆಗುತ್ತದೆ, ಹೆಸರು ದಾರಿಯಲ್ಲಿ ಉದುರುತ್ತದೆ. ನಿಮ್ಮ ಕಾಲದ ದಾನಶಾಸನಗಳಲ್ಲೋ, ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ನರಕದಲ್ಲಿ ಬೇಯಬೇಕು. ಈ ಕಲಮನ್ನು ನಮ್ಮ ಪರವಾನಗಿಗೂ ಸೇರಿಸೋಣವೆಂದು ಚರ್ಚಾಪುಟದಲ್ಲಿ ಪ್ರಸ್ತಾವ ಇಟ್ಟಿದ್ದೇನೆ. ಯಾರೂ ವಿರೋಧಿಸಿಲ್ಲ, ಅರವತ್ತು ಸಾವಿರದ ಪಕ್ಕದಲ್ಲಿ ಒಬ್ಬರು ‘ಉಲ್ಲೇಖ ಬೇಕಾಗಿದೆ’ ಎಂದು ಪಟ್ಟಿ ಅಂಟಿಸಿ ಹೋಗಿದ್ದಾರೆ.

ಇಂತಿ ತಮ್ಮ ವಿಧೇಯ,
ಒಬ್ಬ ವಿಕಿ ಸಂಪಾದಕ