ಶನಿವಾರ ಹತ್ತಿ ಸೋಮವಾರ ಇಳಿದು

ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಸಾನ್‌ಫ್ರಾನ್ಸಿಸ್ಕೋಗೆ ಹೊರಟ ತಾಯಂದಿರಿಗೆ, ಯಾವ ವಾರ ಯಾವ ದಿಕ್ಕಿಗೆ ಹೊರಡಬಾರದೆಂಬ ವಾರಶೂಲೆ ನೋಡಿಕೊಡುವ ಶಾಸ್ತ್ರಿಗಳು, ಆ ಊರು ನಮಗೆ ಪೂರ್ವವೋ ಪಶ್ಚಿಮವೋ ಎಂದು ಪಂಚಾಂಗ ಬಿಚ್ಚಿ ಚಿಂತಾಕ್ರಾಂತರಾಗುವುದುಂಟು. ಆದರೆ ಭೂಮಿ ದುಂಡಗಿರುವ ಕಾರಣ ಅತಿ ಸಮೀಪದ ಮಾರ್ಗವು ಬಹುಮಟ್ಟಿಗೆ ಉತ್ತರಾಭಿಮುಖವಾಗಿ ಹೊರಟು, ಧ್ರುವಪ್ರದೇಶದ ಮೇಲೆ ಹಾದು, ಅಲ್ಲಿಂದಾಚೆ ದಕ್ಷಿಣಕ್ಕೆ ಇಳಿಯುವುದರಿಂದ, ಮಂಗಳ-ಬುಧವಾರಗಳ ಉತ್ತರಶೂಲೆಯ ಜೊತೆಗೆ ಗುರುವಾರದ ದಕ್ಷಿಣಶೂಲೆಯೂ ತಗುಲಿಕೊಳ್ಳುತ್ತದೆ.

ದೂರ ಸುಮಾರು 14,000 ಕಿಲೋಮೀಟರು. ವಾಯುದೇವನ ಅನುಗ್ರಹವಿದ್ದಷ್ಟು, 16–17 ಗಂಟೆಯ ಹಾರಾಟ. ಇದು ಸಾಮಾನ್ಯ ಸಂಗತಿ. ವಿಚಿತ್ರವೆಲ್ಲ ಕಾಲದ ಲೆಕ್ಕದಲ್ಲಿದೆ. ಚಳಿಗಾಲದಲ್ಲಿ ನಮಗಿಂತ 13½ ಗಂಟೆ ಹಿಂದಿರುವ ಆ ಊರಿಗೆ, ಇಲ್ಲಿ ಮಧ್ಯಾಹ್ನದ ಊಟ ಮುಗಿಸಿ ವಿಮಾನವೇರಿದವರು ಅದೇ ದಿನದ ಸಂಜೆ ಕಾಫಿಗೆ ಇಳಿಯುತ್ತಾರೆ. ಬರುವಾಗ ಈ ಕೈಗಡವು ಬಡ್ಡಿಸಹಿತ ತೀರುತ್ತದೆ. 2021ರ ಜನವರಿ 9, ಶನಿವಾರ ರಾತ್ರಿ ಅಲ್ಲಿಂದ ಹೊರಟ, ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ನಡೆಸಿ ತಂದ ಮೊದಲ ನೇರ ವಿಮಾನವು ಸೋಮವಾರ ಬೆಳಗಿನ ಜಾವ ಬೆಂಗಳೂರು ಸೇರಿತು. ನಡುವಣ ಭಾನುವಾರದ ಎಣ್ಣೆಸ್ನಾನವನ್ನು ಯಾರ ಖಾತೆಗೆ ಬರೆಯಬೇಕೋ, ಅಂಥ ದಿನ ಏಕಾದಶಿ ಬಿದ್ದರೆ ಉಪವಾಸವನ್ನು ಯಾವ ಊರಿನ ಸೂರ್ಯೋದಯದಿಂದ ಎಣಿಸಬೇಕೋ, ಹೇಳುವವರಿಲ್ಲ. ಗಗನಸಖಿಯರು ಮಾತ್ರ ಇಂಥ ಧರ್ಮಸಂಕಟಗಳನ್ನು ಲೇಶವೂ ಗಣಿಸದೆ ಮತ್ತೊಂದು ಊಟದ ತಟ್ಟೆಯನ್ನು ತಂದು ಮುಂದಿಡುತ್ತಾರೆ.