ಶ್ರೀ ವಾರ್ಷಿಕ ಆದಾಯ ಮಿತಿಯವರಿಗೆ, ಕ್ಯಾತ್ಸಂದ್ರದಿಂದ

ಶ್ರೀಯುತ ವಾರ್ಷಿಕ ಆದಾಯ ಮಿತಿಯವರ ಸನ್ನಿಧಾನಕ್ಕೆ,

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಅಂಗಡಿ ಇಟ್ಟುಕೊಂಡಿರುವವನು ಮಾಡುವ ನಮಸ್ಕಾರಗಳು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹುಟ್ಟಿದಾಗ ತಾವು ಬರೀ 9,000 ರೂಪಾಯಿ ಎತ್ತರವಿದ್ದಿರಂತೆ. ಈಗ ಕರ್ನಾಟಕದಲ್ಲಿ ಮೂರು ಲಕ್ಷಕ್ಕೆ ಬೆಳೆದು ನಿಂತಿದ್ದೀರಿ. ವರ್ಷಕ್ಕೆ ಅಷ್ಟೂ ದುಡಿಯದವನಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ, ಕೋರ್ಟ್ ಫೀ ಭರಿಸುತ್ತದೆ, ನಕಲಿನ ಖರ್ಚನ್ನೂ ನೋಡಿಕೊಳ್ಳುತ್ತದೆ. ಬಹಳ ಸಂತೋಷ. ನನ್ನ ತಕರಾರೆಲ್ಲ ಒಂದು ರೂಪಾಯಿಯದು.

ತಮ್ಮನ್ನು 365 ದಿನಕ್ಕೆ ಹಂಚಿ ನೋಡಿದೆ. ಅಕ್ಕಿ, ಉದ್ದು, ಗ್ಯಾಸು, ತಟ್ಟೆ ತೊಳೆಯುವ ಹುಡುಗನ ಕೂಲಿ ಎಲ್ಲ ಕಳೆದು ದಿನಕ್ಕೆ 821 ರೂಪಾಯಿ ಉಳಿದರೆ ವರ್ಷಕ್ಕೆ 2,99,665. ನಾನು ಬಡವ. 822 ಉಳಿದರೆ 3,00,030. ಸಾಹುಕಾರ! ನಡುವೆ ಇರುವ ಆ ಒಂದು ರೂಪಾಯಿಗೆ ಚಿಲ್ಲರೆ ಇಲ್ಲವೆಂದು ನಾನು ದಿನಾ ಗಿರಾಕಿಗಳ ಕೈಗೆ ಚಾಕಲೇಟು ಇಡುತ್ತೇನೆ. ಇನ್ನೊಂದು ವಿಷಯ. ದಿನಕ್ಕೆ 821ರಂತೆ ನಿಯತ್ತಾಗಿ ಬಡವನಾಗಿದ್ದವನು ಕೂಡ, ಫೆಬ್ರವರಿಯಲ್ಲಿ 29ನೇ ತಾರೀಖು ಬಂತೆಂದರೆ 3,00,486ಕ್ಕೆ ಹೋಗಿ ಮುಟ್ಟುತ್ತಾನೆ. ಪಂಚಾಂಗ ನೋಡಿ ಶ್ರೀಮಂತನಾಗುವ ಯೋಗ ಯಾರ ಜಾತಕದಲ್ಲಿದೆ ಹೇಳಿ.

ವಕೀಲರ ಅಗತ್ಯ ಯಾಕೆ ಬಿತ್ತು ಎನ್ನುತ್ತೀರಾ? ಗುಬ್ಬಿ ತಾಲ್ಲೂಕಿನಲ್ಲಿ ತಾತನ ಕಾಲದಿಂದ ಬಂದ ಒಂದೂವರೆ ಎಕರೆ ತೆಂಗಿನ ತೋಟ ಇದೆ. ಕುಣಿಗಲ್‌ಗೆ ಕೊಟ್ಟ ನನ್ನ ತಂಗಿ ಅದರಲ್ಲಿ ಪಾಲು ಕೇಳಿ ದಾವೆ ಹೂಡಿದ್ದಾಳೆ. ಪ್ರತಿವಾದಿ ನಾನೇ.

ದಾವೆಗೆ ಮುಂಚೆ ತಂಗಿ ಗೌರಿ ಹಬ್ಬಕ್ಕೆ ಬಂದಿದ್ದಳು. ಮೊರದಲ್ಲಿ ಬಳೆ, ರವಿಕೆ ಬಟ್ಟೆ, ಅರಿಶಿನ-ಕುಂಕುಮ, ತೆಂಗಿನಕಾಯಿ ಎಲ್ಲ ಇಟ್ಟು ಬಾಗಿನ ಕೊಟ್ಟೆ. ಮೊರದಡಿ ಹಕ್ಕು ಖುಲಾಸೆ ಪತ್ರವನ್ನೂ ಇಟ್ಟಿದ್ದೆ ಅನ್ನಿ. ತೆಂಗಿನಕಾಯಿ ಕೊಟ್ಟು ತೆಂಗಿನ ತೋಟ ಉಳಿಸಿಕೊಳ್ಳುವುದು ನಮ್ಮ ಕಡೆ ಹಳೇ ಪದ್ಧತಿ. ಅವಳು ಪತ್ರದ ಮೇಲೆ ಕಣ್ಣಾಡಿಸಿ, "ಓದ್ಕಂಡು ಹೇಳ್ತೀನಿ ಕಣಣ್ಣ" ಅಂದಳು. ನಾನು ಪ್ರೀತಿಯಿಂದ ಬಸ್ಸಿಗೆ ಆರು ಇಡ್ಲಿ ಕಟ್ಟಿಕೊಟ್ಟೆ.

ಕೆಟ್ಟದ್ದು ಅಲ್ಲೇ. ನವೆಂಬರ್ 9 ಕಾನೂನು ಸೇವೆಗಳ ದಿನ, 1995ರಲ್ಲಿ ಆ ಕಾಯ್ದೆ ಜಾರಿಗೆ ಬಂದ ದಿನ. ಹಿಂದಿನ ವರ್ಷ ಆವತ್ತು ಯಾರೋ ಅಂಗಡಿಯಲ್ಲಿ ಹಂಚಿ ಅಂತ ಕರಪತ್ರದ ಒಂದು ಕಟ್ಟು ಬಿಟ್ಟುಹೋಗಿದ್ದರು. ಒಳ್ಳೇ ದಪ್ಪ ಕಾಗದ, ಚಟ್ನಿಗೂ ಜಗ್ಗುವುದಿಲ್ಲ. ವಡೆ ಕೆಳಗೆ ಹಾಕಿ, ಪಾರ್ಸಲ್ ಸುತ್ತಿ ನಾನು ಊರಿಗೆಲ್ಲ ಕಾನೂನು ಅರಿವು ಹಂಚಿದೆ, ಒಂದಕ್ಷರ ಓದದೆ. ತಂಗಿ ಮಾತ್ರ ಇಡ್ಲಿ ತಿಂದು ಕಾಗದ ಓದಿದ್ದಾಳೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಇವರಿಗೆ ಆದಾಯ ಎಷ್ಟೇ ಇರಲಿ, ತಮ್ಮ ಗೊಡವೆಯೇ ಇಲ್ಲವಂತೆ. ಅವಳಿಗೆ ವಕೀಲರು ಸಿಕ್ಕರು. ನನಗೆ ಸಮನ್ಸ್ ಬಂತು.

ಅಪ್ಪ 2001ರಲ್ಲೇ ತೀರಿಕೊಂಡರು, ಹೆಣ್ಣುಮಕ್ಕಳಿಗೂ ಪಾಲು ಕೊಡುವ ತಿದ್ದುಪಡಿ ಬಂದದ್ದು 2005ರಲ್ಲಿ, ಅವಳಿಗೆ ಹಕ್ಕೆಲ್ಲಿ ಬಂತು ಎಂದು ನಾನು ಧೈರ್ಯವಾಗಿದ್ದೆ. 2020ರ ಆಗಸ್ಟ್ 11ರಂದೇ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ, ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕಾದ್ದಿಲ್ಲ, ಹುಟ್ಟಿನಿಂದಲೇ ಮಗಳಿಗೂ ಹಕ್ಕು ಎಂದುಬಿಟ್ಟಿದೆಯಂತೆ. ಕರಪತ್ರದಲ್ಲಿ ಇದೂ ಇತ್ತೋ ಏನೋ. ನನ್ನ ಪ್ರತಿಯಲ್ಲಿ ಆ ಜಾಗಕ್ಕೆ ಚಟ್ನಿ ಬಿದ್ದಿತ್ತು.

ನನಗೂ ಬೇರೆ ದಾರಿ ಉಂಟೇ ಎಂದು ಕಾನೂನು ಸೇವೆಗಳ ಕಾಯ್ದೆಯ ಪಟ್ಟಿ ನೋಡಿದೆ. ಬಂಧನದಲ್ಲಿರುವವನಿಗೆ ವಕೀಲರು ಪುಕ್ಕಟೆ. ಪಕ್ಕದ ಬೀಡಾ ಅಂಗಡಿಯವನು "ಹಂಗಾರೆ ಒಂದ್ ರಾತ್ರಿ ಒಳಗೆ ಕುಂತು ಬಾ" ಅಂದ. ಬೆಳಗಿನ ಜಾವ ಹಬೆಗೆ ತಟ್ಟೆ ಏರಿಸುವವರು ಯಾರು? ನೆರೆ, ಬರ, ಭೂಕಂಪಕ್ಕೆ ಸಿಕ್ಕಿ ತನ್ನದಲ್ಲದ ತಪ್ಪಿಗೆ ಕಷ್ಟಕ್ಕೆ ಬಿದ್ದವನಿಗೂ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗಲೇ ತಂಗಿ ದಾವೆ ಹೂಡಬಾರದಿತ್ತೇ? ಮತ್ತೊಂದು ತಮಾಷೆ ನೋಡಿ. ಸುಪ್ರೀಂ ಕೋರ್ಟಿಗೆ ಹೋಗುವವನಿಗೆ ತಾವು ಐದು ಲಕ್ಷದವರೆಗೂ ದಯೆ ತೋರುತ್ತೀರಿ. ಅಂದರೆ ಗುಬ್ಬಿಯಲ್ಲಿ ಸಾಹುಕಾರನಾದ ನಾನು ದೆಹಲಿ ಸ್ಟೇಷನ್ನಿನಲ್ಲಿ ಇಳಿಯುತ್ತಲೇ ಬಡವ. ಗುಬ್ಬಿ, ತುಮಕೂರು, ಬೆಂಗಳೂರು ಮೂರೂ ಕಡೆ ಸೋತು ಬರುವಷ್ಟರಲ್ಲಿ ನಿಜಕ್ಕೂ ಬಡವನಾಗಿರುತ್ತೇನೆ ಬಿಡಿ.

ನಮ್ಮ ಮಗ್ಗುಲಲ್ಲೇ ಸಿದ್ಧಗಂಗಾ ಮಠ. ಅಲ್ಲಿ ದಾಸೋಹದ ಪಂಕ್ತಿಯಲ್ಲಿ ಕೂತವನ ವರಮಾನ ಯಾರೂ ವಿಚಾರಿಸುವುದಿಲ್ಲ. ಆದರೆ ಅಲ್ಲಿ ಮುದ್ದೆ ಬಡಿಸುತ್ತಾರೆ, ವಕೀಲರನ್ನಲ್ಲ.

ಕೊನೆಗೆ ಒಬ್ಬ ಬಲ್ಲವರು ಹೇಳಿದರು: ಅದೇ ಕಾಯ್ದೆಯ 13ನೇ ಕಲಮಿನಲ್ಲಿ, ಆದಾಯದ ಬಗ್ಗೆ ಅರ್ಜಿದಾರ ಮಾಡುವ ಅಫಿಡವಿಟ್ಟೇ ಸಾಕು ಅನ್ನಬಹುದಂತೆ, ನಂಬದಿರಲು ಕಾರಣ ಇಲ್ಲದಿದ್ದರೆ. ಓಡಿದೆ. ನೋಟರಿ ಹತ್ತಿರ ಟೈಪು ಮಾಡುವವನು ಎಲ್ಲ ಹೊಡೆದು, ಒಂದು ಕಡೆ ಜಾಗ ಬಿಟ್ಟು, "ಎಷ್ಟು ಬರೀಲಿ?" ಅಂದ.

ಸ್ವಾಮೀ, ಗಂಟಲು ಕಟ್ಟಿತು. ನನಗಿರುವುದು ಒಂದು ಆದಾಯವಲ್ಲ. ಬಿಪಿಎಲ್ ಕಾರ್ಡಿಗೆಂದು ಬರೆಸಿದ್ದು 1,20,000ದೊಳಗೆ. ಗ್ರೈಂಡರ್ ಸಾಲಕ್ಕೆ ಬ್ಯಾಂಕಿನಲ್ಲಿ ಕೊಟ್ಟದ್ದು ಆರು ಲಕ್ಷ. ಮಗಳ ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರ ಮುಂದೆ, ಕಾಫಿ ಕುಡಿಯುತ್ತಾ, ಹತ್ತು. ಸರ್ಕಾರದ್ದೂ ನನ್ನಂಥದೇ ನಾಲಗೆ: 1.2 ಲಕ್ಷಕ್ಕೆ ಅಕ್ಕಿ ಕೊಡುವ ಬಡತನ, ಮೂರಕ್ಕೆ ವಕೀಲರನ್ನು ಕೊಡುವ ಬಡತನ, ಎಂಟು ಲಕ್ಷದೊಳಗಿದ್ದರೂ ಮೀಸಲಾತಿಗೆ ‘ಆರ್ಥಿಕವಾಗಿ ದುರ್ಬಲ’. ಆದರೆ ಸರ್ಕಾರಕ್ಕೆ ಯಾರೂ ಪ್ರಮಾಣ ಮಾಡಿ ಹೇಳು ಅನ್ನುವುದಿಲ್ಲ.

821 ಅಂತ ಲೆಕ್ಕ ಹಾಕಿ ಬರೆಸೋಣ ಎಂದು ಬಾಯಿ ತೆರೆದೆ. ಆಗ ನೆನಪಾಯಿತು. ಮದುವೆಯಾಗಿ ಕುಣಿಗಲ್‌ಗೆ ಹೋಗುವವರೆಗೂ ಅಂಗಡಿಯ ಗಲ್ಲಾ ಮೇಲೆ ಕೂತು, ರೂಲು ಹಾಕಿದ ನೋಟ್‌ಬುಕ್ಕಿನಲ್ಲಿ ದಿನದ ವ್ಯಾಪಾರ ಬರೆಯುತ್ತಿದ್ದವಳು ತಂಗಿಯೇ. ಸಂಬಳ ಕೊಟ್ಟಿರಲಿಲ್ಲ, ಮನೆ ಹುಡುಗಿ ಅಂತ. ಆ ನೋಟ್‌ಬುಕ್ಕುಗಳು ಎಲ್ಲಿವೆ ಎಂದು ಮನೆಯವಳನ್ನು ಕೇಳಿದೆ. "ಗೌರಿ ಹಬ್ಬದ ದಿನ ಹಳೇ ಪುಸ್ತಕ ಬೇಕು ಅಂತ ತಗಂಡೋದ್ಳಲ್ಲ" ಅಂದಳು.

ಜಾಗ ಹಾಗೇ ಖಾಲಿ ಇದೆ. ತಾವೇ ಒಂದು ಅಂಕಿ ಸೂಚಿಸಬೇಕೆಂದು ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ಮಿತಿಯ ಆಚೀಚೆ ಇರುವ ಇಡ್ಲಿ ಅಂಗಡಿಯವನು

ತಾ.ಕ.: 2028ರ ಫೆಬ್ರವರಿ 29ಕ್ಕೆ ಅಂಗಡಿ ರಜ. ಇಡ್ಲಿ ತಿನ್ನಲು ಬರುವುದಾದರೆ 28ಕ್ಕೇ ಬನ್ನಿ. ಚಿಲ್ಲರೆ ತನ್ನಿ.